ಕಾಮಾ ಕಂಡಲ್ಲಿ ಕತ್ತರಿ ಹಾಕುವ ಭಾವ

ನಮ್ಮ ಭಾವನವರ ಮುಂದೆ ಒಂದು ವಾಕ್ಯ ಆಡಿದವರು ಅದನ್ನು ಇಡಿಯಾಗಿ ವಾಪಸ್ ತೆಗೆದುಕೊಂಡು ಹೋದ ಉದಾಹರಣೆಯೇ ಇಲ್ಲ! ಹಾಗಂತ ಅವರು ದರ್ಜಿಯಲ್ಲ, ಸರ್ಜನ್ನೂ ಅಲ್ಲ. ಕುರುಬರಹಳ್ಳಿಯ ತಮ್ಮ ಮನೆಯ ಮಹಡಿಯ ಮೇಲೆ, ಶೀಟು ಹೊದಿಸಿದ ಕೋಣೆಯಲ್ಲಿ, ಸಂಜೆ ಹೊತ್ತು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಮೇಷ್ಟ್ರು. ಆ ಭಾಷೆಯಲ್ಲಿ ‘ಸ್ಪ್ಲಿಟ್’ ಅಂತ ಒಂದು ಅಪ್ಪಣೆಯಿದೆ. ಅಕ್ಷರಗಳ ಉದ್ದನೆಯ ಸಾಲೊಂದನ್ನು ಕೊಟ್ಟು, ಕಾಮಾದಂಥ ಒಂದು ಗುರುತು ಕಂಡಲ್ಲೆಲ್ಲ ಕತ್ತರಿಸು ಎಂದರೆ ಸಾಕು, ಕಚಕ್ ಕಚಕ್ ಎಂದು ತುಂಡು ಮಾಡಿ ಮುಂದಿಡುತ್ತದೆ. ಇಂಥ ಅಪ್ಪಣೆಗಳು ಅಲ್ಲಿ ಇನ್ನೂ ಎಷ್ಟೋ ಇವೆಯಂತೆ. ಭಾವನವರು ಮನಸ್ಸು ಕೊಟ್ಟದ್ದು ಮಾತ್ರ ಇದೊಂದಕ್ಕೇ. ತನಗೂ ಅಷ್ಟು ಕೊಡಲಿಲ್ಲವೆಂದು ಅಕ್ಕನ ದೂರು!

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ, ತಂಗಿಯಾಗಿ ಅಕ್ಕನಿಗೆ ನೆರವಾಗಲು ನಾನು ಅವರ ಮನೆಯಲ್ಲೇ ಇದ್ದೆ. ಆ ದಿನ ಹೂವಿನ ಬೆಲೆ ಕೇಳಿದರೇ ಎದೆ ಹಾರುತ್ತದೆ. ಅಕ್ಕ ಚೌಕಾಸಿ ಮಾಡಿ ತಂದಿದ್ದ ಮಲ್ಲಿಗೆ ಮಾಲೆ ಫ್ರಿಜ್ಜಿನಿಂದ ಮಾಯ! ಹುಡುಕಿಕೊಂಡು ಮಹಡಿ ಹತ್ತಿದರೆ, ಭಾವನವರು ಕತ್ತರಿ ಹಿಡಿದು ಪಾಠ ಮಾಡುತ್ತಿದ್ದಾರೆ.

“ನೋಡ್ರಪ್ಪಾ, ಈ ಮಾಲೇನೇ ಸ್ಟ್ರಿಂಗು, ಅಂದ್ರೆ ಅಕ್ಷರಗಳ ಸಾಲು. ನಡುನಡುವೆ ಕನಕಾಂಬರ ಇದೆಯಲ್ಲ, ಅದೇ ಕಾಮಾ. ಕನಕಾಂಬರ ಕಂಡಲ್ಲಿ ಕತ್ತರಿಸಿದೆ. ಮಲ್ಲಿಗೆ ತುಂಡುಗಳು ಉಳಿದವು, ಕನಕಾಂಬರ ಕಸಕ್ಕೆ ಹೋಯ್ತು!”

ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಮಾಲೆ ಕನಕಾಂಬರದಿಂದಲೇ ಶುರುವಾದ್ರೆ?”

ಭಾವನವರಿಗೆ ಆನಂದವೋ ಆನಂದ. “ಆಗ ಮೊದಲನೇ ತುಂಡು ಖಾಲಿ! ಖಾಲಿ, ಆದರೆ ಲೆಕ್ಕಕ್ಕುಂಟು!” ಎನ್ನುತ್ತ ಬರೀ ದಾರದ ತುಂಡೊಂದನ್ನು ಎತ್ತಿ ಹಿಡಿದರು. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ.

“ರೀ, ಆ ದಾರಾನ ನಾಳೆ ನೀವೇ ಮುಡ್ಕೊಂಡು ಪೂಜೆಗೆ ಕೂತ್ಕೊಳ್ಳಿ!”

ಇಂಥವರ ಜೊತೆ ಜಗಳವಾದರೂ ಆಡುವುದು ಹೇಗೆ? ಒಮ್ಮೆ ಅಕ್ಕ ಊಟದ ಮುಂದೆ ಅತ್ತೆಯವರ ವಿಷಯ ತೆಗೆದು ಸರಿಯಾಗಿ ತರಾಟೆಗೆ ತೆಗೆದುಕೊಂಡಳು. ಭಾವನವರು ಕಣ್ಣುಮುಚ್ಚಿ, ತಲೆದೂಗುತ್ತ ಕೇಳಿದರು. ಪಶ್ಚಾತ್ತಾಪವಿರಬೇಕು ಎಂದುಕೊಂಡೆ. ಕಣ್ಣುಬಿಟ್ಟು ಹೇಳಿದರು: “ನೀನು ಹೇಳಿದ್ದನ್ನ ‘ನಿಮ್ಮಮ್ಮ’ ಅನ್ನೋ ಕಡೆಯೆಲ್ಲ ಕತ್ತರಿಸಿದೆ ಕಣೆ. ಏಳು ತುಂಡಾಯ್ತು. ಅಂದ್ರೆ ನಮ್ಮಮ್ಮ ಆರು ಸಲ ಬಂದ್ರು.” ಅಕ್ಕ ಅವರ ತಟ್ಟೆಯಲ್ಲಿದ್ದ ಮುದ್ದೆಯನ್ನು ನೋಡಿ, “ಇದನ್ನ ಹೇಗೆ ಕತ್ತರಿಸ್ತೀರೋ ಕತ್ತರಿಸ್ಕೊಳ್ಳಿ, ಸಾರು ಹಾಕಲ್ಲ” ಎಂದು ಎದ್ದುಹೋದಳು!

ರಾಜ್ಯೋತ್ಸವಕ್ಕೆ ಭಾವನವರು ಬೀದಿಯ ಹಿರಿಯರಿಗೆಲ್ಲ ಬ್ಯಾಡ್ಜು ಮಾಡಿಕೊಟ್ಟದ್ದು ಇನ್ನೊಂದು ಸಾಹಸ. ಹೆಸರಿನ ಒಂದೊಂದು ಅಕ್ಷರವೂ ಒಂದೊಂದು ಬಣ್ಣದ ಚೌಕದಲ್ಲಿ ಬರಬೇಕೆಂಬ ಆಸೆ. ಸ್ಪ್ಲಿಟ್ಟಿಗೆ ಗುರುತಿನ ಜಾಗದಲ್ಲಿ ಖಾಲಿ ಕೊಟ್ಟು, ಎಲ್ಲ ಅಕ್ಷರ ಬಿಡಿಸು ಎಂದರಂತೆ. ಅದಕ್ಕೇನು ಗೊತ್ತು ನಮ್ಮ ಕಾಗುಣಿತದ ಸಂಸಾರ? ಕೊಂಬು, ದೀರ್ಘ, ಒತ್ತುಗಳನ್ನೆಲ್ಲ ಬೇರೆ ಬೇರೆ ಮನೆ ಮಾಡಿಸಿಬಿಟ್ಟಿತು! ಬೀದಿಯ ಸಂಘದ ಅಧ್ಯಕ್ಷ ಕೃಷ್ಣಪ್ಪನವರು ಬ್ಯಾಡ್ಜು ಹಿಡಿದು ಓಡಿಬಂದರು.

“ಏನ್ ಸಾರ್ ಇದು? ನನ್ನ ಹೆಸರಲ್ಲಿ ಒತ್ತೆಲ್ಲ ಉದುರೋಗಿದೆ!”

“ಎಲ್ಲೂ ಹೋಗಿಲ್ಲ ಸಾರ್, ಪಕ್ಕದ ಡಬ್ಬೀಲಿದೆ ನೋಡಿ!”

ಹೀಗೆ ನಗಿಸುತ್ತಲೇ ಇದ್ದವರ ಕ್ಲಾಸಿಗೆ ಹೋದ ವರ್ಷ ರೇಣುಕಾ ಬಂದಳು. ಕಲಬುರಗಿ ಕಡೆಯ ಹುಡುಗಿ. ಹಗಲೆಲ್ಲ ಸ್ಕೂಟರಿನಲ್ಲಿ ಊಟದ ಡೆಲಿವರಿ, ಸಂಜೆ ಕ್ಲಾಸು. ಬೇರೆಯವರು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಉತ್ತರ ಟೈಪು ಮಾಡಿರುತ್ತಿದ್ದಳು. ಬಾಯಿ ಬಿಡಬೇಕಾದಾಗ ಮಾತ್ರ ಕಷ್ಟ. ಮೊದಲ ಅಕ್ಷರಕ್ಕೇ ಮಾತು ಸಿಕ್ಕಿಹಾಕಿಕೊಂಡು, ಕತ್ತಿನ ನರ ಬಿಗಿದು, ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಕಂಪನಿಯವರು ಫೋನಿನಲ್ಲಿ ಇಂಟರ್‌ವ್ಯೂ ಮಾಡುತ್ತೇವೆಂದಾಗ, ಬೇಡವೆಂದು ಹೇಳಿಬಿಡಲು ಹೊರಟಿದ್ದಳು.

ಭಾವನವರು ಬಿಡಲಿಲ್ಲ. ವಾರವಿಡೀ ಕೂರಿಸಿಕೊಂಡರು. “ಕಾಮಾ ಬಂದಲ್ಲಿ ನಿಲ್ಲು. ಉಸಿರು ತಗೋ. ಆಮೇಲೆ ಮುಂದಿನ ತುಂಡು. ಅವಸರ ಯಾರಿಗಮ್ಮಾ?” ಅವಳು ಅಭ್ಯಾಸ ಮಾಡಿದಳು. ಒಂದು ದಿನ ತಲೆ ತಗ್ಗಿಸಿ ಹೇಳಿದಳು: “ಸರ... ನನ್ನ ಹೆಸರಿನ್ಯಾಗ ಕಾಮಾನೇ ಇಲ್ರಿ. ನಾ... ನಾ ಅಲ್ಲೇ ನಿಂತುಬಿಡ್ತೀನ್ರಿ.”

ಭಾವನವರು ಗಾಳಿಯಲ್ಲಿ ಕತ್ತರಿಯಾಡಿಸುತ್ತಿದ್ದ ಎರಡು ಬೆರಳನ್ನು ಮಡಚಿಕೊಂಡರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಇಂಟರ್‌ವ್ಯೂ ದಿನ ಅವಳ ಪೀಜಿಯಲ್ಲಿ ಗದ್ದಲವೆಂದು ಅಕ್ಕನ ಮನೆಗೇ ಬಂದಳು; ನಾನೂ ಅಲ್ಲಿದ್ದೆ. ಫೋನು ಬಂತು, ಸ್ಪೀಕರಿಗೆ ಹಾಕಿಕೊಂಡಳು. ಆ ಕಡೆಯ ಹೆಂಗಸು ಹೆಸರು ಕೇಳಿದರು. “ರೇ...” ಎಂದವಳು ಅಲ್ಲೇ ನಿಂತಳು. ಅಕ್ಕ ಅಡುಗೆಮನೆಯಲ್ಲಿ ಮಿಕ್ಸಿ ಆರಿಸಿದಳು. “ಹಲೋ, ಕೇಳಿಸ್ತಿದೆಯಾ?” ಎಂದಿತು ಫೋನು. ಭಾವನವರು ತಡೆಯಲಾರದೆ, ಅವಳ ಪರವಾಗಿ ಹೆಸರು ಹೇಳಿಬಿಡಲು ಬಾಯಿ ತೆರೆದು ಮುಂದೆ ಬಾಗಿದರು. ಅಕ್ಕ ಬಂದು ಅವರ ಮಣಿಕಟ್ಟು ಹಿಡಿದುಕೊಂಡಳು. ಬೇಡವೆಂದು ತಲೆಯಾಡಿಸಿದಳು.

ಕೊನೆಗೆ ಹುಡುಗಿ, “ನಾನು ಸ್ವಲ್ಪ ನಿಧಾನ ಮಾತಾಡ್ತೀನ್ರಿ ಮೇಡಂ. ರೇಣುಕಾ” ಎಂದಳು.

“ನಿಧಾನಕ್ಕೇ ಹೇಳಮ್ಮ” ಎಂದರು ಆ ಕಡೆಯವರು. ಆಮೇಲೆ ಒಂದೊಂದೇ ತುಂಡಾಗಿ ಎಲ್ಲ ಬಂತು. ಮುಗಿಯುವವರೆಗೂ ಅಕ್ಕ ಭಾವನವರ ಕೈ ಬಿಟ್ಟಿರಲಿಲ್ಲ.

ಕೆಲಸ ಸಿಕ್ಕಿತು. ಮುಂದಿನ ಭಾನುವಾರ ಅವಳು ಊರಿನ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬರುವುದನ್ನು ಭಾವನವರು ಕಿಟಕಿಯಿಂದ ನೋಡಿದರು, ನಾನೂ ನೋಡಿದೆ. ಕರೆಗಂಟೆ ಸದ್ದಾಯಿತು. ಅವರು ಹೋಗಿ ಬಾಗಿಲ ಹಿಂದೆ ನಿಂತು, ಚಿಲಕದ ಮೇಲೆ ಕೈಯಿಟ್ಟು, “ಯಾರದು?” ಎಂದು ಕೇಳಿದರು.

ಹೊರಗೆ ಸದ್ದಿಲ್ಲ. ಭಾವನವರು ಅಲುಗಾಡಲಿಲ್ಲ.

“ರೇ... ರೇಣುಕಾ ರೀ, ಸರ.”

ಬಾಗಿಲು ತೆರೆಯಿತು. ಹುಡುಗಿ ಒಳಗೆ ಬಂದು ಅಕ್ಕನ ಕೈಗೆ ಡಬ್ಬಿ ಕೊಡುತ್ತಿರುವಾಗ ನಾನು ಮೆಲ್ಲಗೆ ಕೇಳಿದೆ: “ಯಾಕೆ ಭಾವ, ಕಿಟಕೀಲಿ ಕಂಡಿದ್ದಳಲ್ಲ?”

“ಕಂಡಿದ್ದಳು” ಎಂದರು. “ಅವಳೇ ಹೆಸರು ಹೇಳೋದು ಕೇಳ್ಬೇಕಿತ್ತು ಕಣೇ.”