ಶಶಿಕಲಾಳ ಬೆನ್ನಿಗೊಂದು ಗಾದಿ

ಬೆನ್ನುನೋವಿನ ಸುದ್ದಿಯನ್ನು ನಮ್ಮ ಕಡೆ ಯಾರ ಮುಂದೆಯೂ ಬಾಯಿಬಿಡಬಾರದು. ಜ್ವರ ಎಂದರೆ ಜನ "ಡಾಕ್ಟರಿಗೆ ತೋರಿಸ್ರಿ" ಎಂದು ಹೇಳಿ ತಮ್ಮ ದಾರಿ ಹಿಡಿಯುತ್ತಾರೆ. ಬೆನ್ನುನೋವು ಎಂದರೆ ಮಾತ್ರ ಕೈಚೀಲ ಕೆಳಗಿಟ್ಟು, ಸಾವಕಾಶವಾಗಿ ನಿಂತು, ತಾವೇ ಡಾಕ್ಟರಾಗುತ್ತಾರೆ. ಒಬ್ಬರು ಬಿಸಿ ಎಣ್ಣೆ ತಿಕ್ಕಲು ಹೇಳಿದರೆ ಇನ್ನೊಬ್ಬರು ಉಸುಕು ಹುರಿದು ಕಾವು ಕೊಡಲು ಹೇಳುತ್ತಾರೆ. ಐರಣಿಯ ಒಬ್ಬ ಹಿರಿಯರು ದಿನಾ ಮುಂಜಾನೆ ಸೊಂಟಮಟ ಹೊಳೆಯಲ್ಲಿ ನಿಂತರೆ ನೋವು ನೀರಿನೊಂದಿಗೆ ಹರಿದುಹೋಗುತ್ತದೆ ಎಂದರು. ಹೊಳೆಯೇನೋ ಅವರ ಮನೆಯ ಹಿಂದೆ ಇದೆ, ನಮ್ಮ ಮನೆಯ ಹಿಂದೆ ಇರುವುದು ಚರಂಡಿ. ನಾನು ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆದದ್ದರಿಂದ ಇಂಥ ಸಲಹೆಗಳು ಸುತ್ತಲಿನ ಊರುಗಳಿಂದ ಬಸ್ಸು ಹತ್ತಿ ನೇರವಾಗಿ ನನ್ನ ಗೂಡಿಗೇ ಬಂದು ಇಳಿಯುತ್ತವೆ.

ಆ ಗೂಡಿನಲ್ಲಿ ಮೈಕು ಹಿಡಿದು ಕುಳಿತಾಗ ನನ್ನಷ್ಟು ಖಚಿತವಾಗಿ ಮಾತಾಡುವವನು ಇನ್ನೊಬ್ಬನಿಲ್ಲ. "ಬ್ಯಾಡಗಿ ಬಸ್ಸು ಅಲ್ಲಿ ನಿಂತೈತಿ, ಹತ್ರಿ" ಎಂದರೆ ಜನ ಮರುಮಾತಿಲ್ಲದೆ ಹತ್ತುತ್ತಾರೆ. ಗೂಡಿನಿಂದ ಹೊರಬಿದ್ದ ಮೇಲೆ ಮಾತ್ರ ಒಂದು ಅಂಗಿಯ ಬಟ್ಟೆ ಆರಿಸಲಿಕ್ಕೂ ನನಗೆ ಇನ್ನೊಬ್ಬರು ಬೇಕು. ಹೆಣ್ಣು ನೋಡಲು ಹೋದಾಗಲೂ ಹಾಗೆಯೇ ಆಗಿತ್ತು. ಅವಲಕ್ಕಿ ತಿನ್ನುತ್ತ ಹೌದೋ ಅಲ್ಲವೋ ಎಂದು ನಾನು ಡೋಲಾಯಮಾನನಾಗಿದ್ದಾಗ ನಮ್ಮಕ್ಕ ಗಂಗವ್ವ ತಾನೇ ತಾಂಬೂಲ ತೆಗೆದುಕೊಂಡು "ಆತು, ಏಳು" ಎಂದಳು. ನಾನು ಎದ್ದೆ. ಹಾಗೆ ಬಂದವಳು ಶಶಿಕಲಾ. ನನ್ನ ಆಯುಷ್ಯದಲ್ಲಿ ಇಷ್ಟು ಸರಿಯಾದ ಆಯ್ಕೆ ಇನ್ನೊಂದಿಲ್ಲ, ಆದರೆ ಅದನ್ನು ಮಾಡಿದವನು ನಾನಲ್ಲ.

ಶಶಿಕಲಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ನಮ್ಮ ಓಣಿಯ ಯಾವ ಮದುವೆಯಲ್ಲಾದರೂ ನಿಂತು ನೋಡಿದರೆ ಕಣ್ಣಿಗೆ ಬೀಳುವ ಕುಪ್ಪಸಗಳಲ್ಲಿ ಅರ್ಧ ಅವಳವೇ. ಹಗಲೆಲ್ಲ ಮಷಿನ್ನಿನ ಮೇಲೆ ಬಗ್ಗಿ ಬಗ್ಗಿ ಅವಳ ಬೆನ್ನು ಈಚೆಗೆ ಹಟ ಹಿಡಿದಿತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮೊದಲು ಗೋಡೆ, ಆಮೇಲೆ ಕಿಟಕಿಯ ಸರಳು, ಆಮೇಲೆ ನನ್ನ ಭುಜ, ಹೀಗೆ ಒಂದೊಂದನ್ನೇ ಹಿಡಿದು ಏಳಬೇಕಾಗುತ್ತಿತ್ತು. ಅಕ್ಕನ ಮಗಳ ಮದುವೆ ಹತ್ತಿರ ಬಂದಿತ್ತು. ಸೋದರಸೊಸೆಯ ಕುಪ್ಪಸಗಳನ್ನು ತಾನೇ ಹೊಲಿಯುತ್ತೇನೆಂದು ಶಶಿ ಮಾತು ಕೊಟ್ಟಿದ್ದಳು. ಕತ್ತರಿಸಿಟ್ಟ ಬಟ್ಟೆಗಳು ಮಷಿನ್ನಿನ ಪಕ್ಕದಲ್ಲಿ ಹಾಗೆಯೇ ಬಿದ್ದಿದ್ದವು. ಅವಳು ಅವುಗಳ ಮೇಲೊಂದು ಟವೆಲ್ಲು ಹೊದಿಸಿದ್ದಳು, ಕಣ್ಣಿಗೆ ಕಾಣಬಾರದೆಂದು.

ಹಾವೇರಿಯ ಎಲುಬಿನ ಡಾಕ್ಟರರ ಹತ್ತಿರ ಹೋಗುವಾಗ ದಾರಿಯುದ್ದಕ್ಕೂ ಇಬ್ಬರ ತಲೆಯಲ್ಲೂ ಆಪರೇಷನ್ ಎಂಬ ಒಂದೇ ಶಬ್ದ ಕುಳಿತಿತ್ತು. ಡಾಕ್ಟರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಎಲುಬಿಗೇನೂ ಆಗಿಲ್ರಿ. ನಡು ನಡುವ ಎದ್ದು ಅಡ್ಡಾಡ್ರಿ, ನಾ ಹೇಳಿದ ವ್ಯಾಯಾಮ ಮಾಡ್ರಿ. ಮಲಗೂ ಗಾದಿ ಎಂಥಾದೈತಿ?" ಎಂದರು.

"ಹತ್ತೀದರೀ. ನಮ್ಮ ತವರುಮನಿಯಿಂದ ಕೊಟ್ಟಿದ್ದು," ಎಂದಳು ಶಶಿ.

"ನಡುವ ಕುಣಿ ಬಿದ್ದೈತೇನು?"

ಶಶಿ ನನ್ನ ಮುಖ ನೋಡಿದಳು. ಕುಣಿ ಎಂದರೆ ಅಂಥಿಂಥ ಕುಣಿಯಲ್ಲ. ಇಬ್ಬರೂ ಜಗಳಾಡಿ ಒಬ್ಬೊಬ್ಬರು ಒಂದೊಂದು ಅಂಚಿಗೆ ಮಲಗಿದರೂ ಬೆಳಗಾಗುವಷ್ಟರಲ್ಲಿ ಉರುಳಿ ಮಧ್ಯಕ್ಕೆ ಬಂದು ರಾಜಿಯಾಗಿಬಿಡುತ್ತಿದ್ದೆವು. ನಮ್ಮ ದಾಂಪತ್ಯಕ್ಕೆ ಅದರಿಂದ ಆದ ಉಪಕಾರವನ್ನು ಡಾಕ್ಟರರ ಮುಂದೆ ಹೇಳುವಂತಿರಲಿಲ್ಲ. "ಅದನ್ನ ಬದಲಿ ಮಾಡ್ರಿ. ಭಾಳ ಮೆತ್ತಗಿರೂದೂ ಬ್ಯಾಡ, ಕಲ್ಲಿನಂಗ ಇರೂದೂ ಬ್ಯಾಡ," ಎಂದು ಅವರು ಮುಂದಿನ ರೋಗಿಯನ್ನು ಕರೆದರು. ಹೊರಗೆ ಬಂದು ಇಬ್ಬರೂ ಕಬ್ಬಿನ ಹಾಲು ಕುಡಿದೆವು. ಎದೆಯ ಮೇಲಿನ ಬಂಡೆ ಇಳಿದು ಅದರ ಜಾಗದಲ್ಲಿ ಒಂದು ಗಾದಿ ಬಂದು ಕುಳಿತಿತ್ತು, ಅಷ್ಟೆ.

ಮೆಮೊರಿ ಫೋಮ್ ಎಂಬ ಹೆಸರನ್ನು ಮೊದಲು ಹೇಳಿದವನು ನಮ್ಮ ಡ್ರೈವರ್ ಮಾರುತಿ. ಬೆನ್ನಿನ ವಿಷಯದಲ್ಲಿ ಡ್ರೈವರುಗಳ ಮಾತಿಗೆ ಒಂದು ತೂಕವಿದೆ. "ಮೆಮೊರಿ ಅಂದ್ರ ನೆನಪರೀ. ನಿಮ್ಮ ಮೈ ಹ್ಯಾಂಗೈತಿ ಅನ್ನೂದನ್ನ ಗಾದಿ ನೆನಪಿಟ್ಟು ಅದಕ್ಕ ತಕ್ಕಂಗ ತಗ್ಗತೈತಿ," ಎಂದು ಅವನು ಸ್ಟೀರಿಂಗಿನ ಮೇಲೆ ಕೈಯಿಟ್ಟು ವಿವರಿಸಿದ. ಮನೆಗೆ ಬಂದು ಶಶಿಗೆ ಹೇಳಿದೆ. ಅವಳು ದಾರ ಕಚ್ಚಿ ಹರಿಯುತ್ತ, "ನೆನಪಿಡಾಕ ನಾ ಇದ್ದೇನಲ್ರೀ ಮನ್ಯಾಗ. ಮರಸೂ ಗಾದಿ ಇದ್ರ ನೋಡ್ರಿ," ಎಂದಳು.

ಕೆಲವು ದಿನ ಫೋನಿನಲ್ಲಿ ಹುಡುಕಿದೆ. ನಮ್ಮ ಕೈಗೆ ಎಟಕುವವುಗಳನ್ನು ಮಾತ್ರ ನೋಡುವುದೆಂದು ನಿರ್ಧರಿಸಿದ್ದರೂ ಅವೇ ಹೊರಳಾಡುವಷ್ಟು ಇದ್ದವು. ಕೊಂಡವರ ಅಭಿಪ್ರಾಯ ಓದಿದರೆ ಇನ್ನಷ್ಟು ಗೊಂದಲ. ಒಬ್ಬ ಪುಣ್ಯಾತ್ಮ ಪೂರ್ತಿ ನಕ್ಷತ್ರಗಳನ್ನು ಕೊಟ್ಟು, "ಇನ್ನೂ ಬಿಚ್ಚಿಲ್ಲ, ಆದರೆ ಪ್ಯಾಕಿಂಗ್ ಚೆನ್ನಾಗಿದೆ" ಎಂದು ಬರೆದಿದ್ದ. ಕಡೆಗೆ ಕಣ್ಣಾರೆ ಕಂಡು ಕೊಳ್ಳೋಣವೆಂದು ಹಾವೇರಿಯ ಒಂದು ದೊಡ್ಡ ಅಂಗಡಿಗೆ ಹೋದೆವು.

ಅಲ್ಲಿ ಎದುರಾದ ತೊಡಕನ್ನು ಫೋನು ಹೇಳಿರಲಿಲ್ಲ. ಗಾದಿಗಳನ್ನು ಸಾಲಾಗಿ ಮಂಚದ ಮೇಲೆ ಹಾಸಿದ್ದರು. ಎದುರಿಗೆ ಗೋಡೆಯಷ್ಟು ಅಗಲದ ಗಾಜು, ಗಾಜಿನಾಚೆ ರಸ್ತೆ, ರಸ್ತೆಯ ತುಂಬ ಜನ. ಮಾಲೀಕರು ವಿನಯದಿಂದ "ಮಲಗಿ ನೋಡ್ರೀ ಅಕ್ಕಾರ" ಎಂದರು. ಶಶಿಕಲಾ ಸೆರಗು ಬಿಗಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಮಂದಿ ಮುಂದ ಹ್ಯಾಂಗ ಮಲಗೂದರೀ? ನೀವ ಮಲಗಿ ನೋಡ್ರಿ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

"ಬೆನ್ನು ನಿಂದಲ್ಲೇನು?"

"ಯಾರದಾದ್ರ ಏನು, ಗಾದಿ ಒಂದ ಅಲ್ಲೇನ್ರಿ?"

ಹೀಗಾಗಿ ಚಪ್ಪಲಿ ಬಿಟ್ಟು, ಅಂಗಿ ಸರಿಮಾಡಿಕೊಂಡು, ಹೆಂಡತಿಯ ಬೆನ್ನಿನ ಪ್ರತಿನಿಧಿಯಾಗಿ ನಾನು ಮಲಗಿದೆ. ಅವಳು ಪಕ್ಕದಲ್ಲಿ ನಿಂತು ಆಸ್ಪತ್ರೆಗೆ ಮಾತಾಡಿಸಲು ಬಂದವಳ ಹಾಗೆ "ಹ್ಯಾಂಗ ಅನಸ್ತೈತ್ರಿ?" ಎಂದು ಕೇಳುತ್ತಿದ್ದಳು. ನನ್ನ ಬೆನ್ನಿಗೆ ಕಾಯಿಲೆಯಿಲ್ಲ, ಆದ್ದರಿಂದ ಅಭಿಪ್ರಾಯವೂ ಇಲ್ಲ. ಮಲಗಿದ್ದೆಲ್ಲ ಹಿತವೆನಿಸಿತು. ಗಾಜಿನಾಚೆಯಿಂದ ಯಾರೋ ಇಣುಕಿದಂತಾಗಿ, ಬೇಗ ಮುಗಿಸಬೇಕೆಂಬ ಅವಸರದಲ್ಲಿ, ಇದ್ದುದರಲ್ಲೇ ಹೆಚ್ಚು ದಪ್ಪ, ಹೆಚ್ಚು ಮೆತ್ತಗೆ ಇದ್ದುದರ ಮೇಲೆ ಬೆರಳಿಟ್ಟೆ. ಅದೂ ಅಗ್ಗದ ಸಾಲಿನಲ್ಲೇ ಇತ್ತು. ಇಷ್ಟು ದಪ್ಪ ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ. ಹೊಂದದಿದ್ದರೆ ತಿಂಗಳೊಳಗೆ ಬದಲಿಸಿಕೊಡುವುದಾಗಿ ಮಾಲೀಕರು ತಾವಾಗಿಯೇ ಹೇಳಿದರು.

ಗಾದಿ ಸುರುಳಿ ಸುತ್ತಿಕೊಂಡು ಮನೆಗೆ ಬಂತು. ಪ್ಲಾಸ್ಟಿಕ್ಕು ಕತ್ತರಿಸಿದೊಡನೆ ನಿಟ್ಟುಸಿರು ಬಿಟ್ಟು, ಕಾದ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬತೊಡಗಿತು. ಶಶಿ ಅದರ ಮೇಲೆ ಮಲಗಿದಾಗ ಅವಳ ಮೂಗಿನ ನತ್ತು ಮಾತ್ರ ಮೇಲೆ ಉಳಿಯಿತು. "ಹ್ಯಾಂಗೈತಿ?" ಎಂದೆ. "ಚೊಲೋ ಐತ್ರಿ," ಎಂದಳು. ಮರುದಿನವೂ ಕೇಳಿದೆ, ಮರುದಿನವೂ ಚೊಲೋ ಇತ್ತು. ನನಗಂತೂ ಹೆಮ್ಮೆ. ಬಸ್ ನಿಲ್ದಾಣದಲ್ಲಿ ಮಾರುತಿಗೆ ಚಹಾ ಕುಡಿಸಿದೆ.

ಒಂದು ಮಧ್ಯಾಹ್ನ ಕನ್ನಡಕ ಮರೆತು ಬಂದಿದ್ದೇನೆಂದು ಡ್ಯೂಟಿಯ ನಡುವೆ ಮನೆಗೆ ಹೋದೆ. ಬಾಗಿಲು ಮುಂದಕ್ಕೆ ಹಾಕಿತ್ತು. ಮಲಗುವ ಕೋಣೆಯಲ್ಲಿ ಗಾದಿ ನೀಟಾಗಿ, ಚಾದರದ ಒಂದು ಮಡಿಕೆಯೂ ಕೆಡದೆ ಕುಳಿತಿತ್ತು. ಶಶಿಕಲಾ ನಡುಮನೆಯಲ್ಲಿ, ಮಷಿನ್ನಿನ ಕಾಲಬುಡದಲ್ಲಿ, ಬರಿಯ ಜಮಖಾನೆಯ ಮೇಲೆ ಕಾಲು ಮಡಿಚಿ ಮಲಗಿದ್ದಳು. ನನ್ನನ್ನು ಕಂಡು ಎದ್ದು ಕೂರಲು ಹೋದಳು, ಆಗಲಿಲ್ಲ. ನಾನೂ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

"ಯಾಕ ಹೇಳಲಿಲ್ಲ?"

"ಅಷ್ಟ ಮುತುವರ್ಜಿಯಿಂದ ತಂದೀರಿ. ದಿನಾ ಬಂದು ಕೇಳ್ತೀರಿ. ಹ್ಯಾಂಗ ಹೇಳ್ಲಿ?" ಎಂದಳು. ಕೋಣೆಯ ಕಡೆ ಕೈ ತೋರಿಸಿ, "ಅದರಾಗ ಮಲಗಿದ್ರ ಮಗ್ಗಲಾ ಹೊಳ್ಳಾಕ ಬರಂಗಿಲ್ರಿ. ಕೆಸರಿನ ಹುದಲಿನಾಗ ಎಮ್ಮಿ ಸಿಕ್ಕಂಗ ಆಕ್ಕೇತಿ," ಎಂದಳು. ಇಬ್ಬರಿಗೂ ನಗು ಬಂತು. ನಕ್ಕರೆ ಅವಳಿಗೆ ಬೆನ್ನು ನೋಯುತ್ತಿತ್ತು, ಆದ್ದರಿಂದ ನಾನು ನಗುವುದನ್ನು ನಿಲ್ಲಿಸಿದೆ. ಕನ್ನಡಕ ತೆಗೆದುಕೊಳ್ಳದೆಯೇ ಡ್ಯೂಟಿಗೆ ಹಿಂತಿರುಗಿದೆ. ಆ ಮಧ್ಯಾಹ್ನ ನನ್ನ ಮೈಕಿನ ದನಿ ಕೇಳಿ ಒಬ್ಬ ಕಂಡಕ್ಟರು "ಸಾಹೇಬ್ರ, ಆರಾಮ ಇಲ್ಲೇನು?" ಎಂದು ವಿಚಾರಿಸಿದ.

ಅಕ್ಕ ಗಂಗವ್ವ ಬ್ಯಾಡಗಿಯಿಂದ ಬಂದದ್ದು ಇದಾದ ಮೇಲಿನ ಭಾನುವಾರ. ಅವರದು ಮೆಣಸಿನಕಾಯಿ ವ್ಯಾಪಾರದ ಮನೆತನ. ಅವಳು ಒಳಗೆ ಕಾಲಿಟ್ಟರೆ ಮೊದಲು ನಾವು ಸೀನುತ್ತೇವೆ, ಆಮೇಲೆ ನಮಸ್ಕಾರ ಮಾಡುತ್ತೇವೆ. ಕುಪ್ಪಸ ಎಲ್ಲಿಗೆ ಬಂತೆಂದು ನೋಡಲು ಬಂದವಳು ಟವೆಲ್ಲು ಎತ್ತಿ ನೋಡಿದಳು, ಮತ್ತೆ ಹೊದಿಸಿದಳು. ಶಶಿಯ ಕಣ್ಣುಗಳು ತುಂಬಿದವು. "ಅಕ್ಕಾರ, ಬ್ಯಾರೇ ಕಡೆ ಕೊಟ್ಟುಬಿಡ್ರಿ. ನನ್ನ ಕೈಲಿಂದ ಆಗಂಗಿಲ್ಲ ಅನಸ್ತೈತಿ."

"ಬ್ಯಾರೇದವರು ಹೊಲಿದ ಕುಪ್ಪಸ ನನ್ನ ಮಗಳು ಹಾಕ್ಕೊಳ್ಳಂಗಿಲ್ಲ," ಎಂದು ಅಕ್ಕ ನೇರ ಮಲಗುವ ಕೋಣೆಗೆ ನಡೆದು ಗಾದಿಯನ್ನು ಅಂಗೈಯಿಂದ ಒತ್ತಿದಳು. ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. "ಇದನ್ಯಾರು ಆರಿಸಿದ್ರು?"

ನಾನು ಚಾದರದ ಮಡಿಕೆ ಸರಿಮಾಡತೊಡಗಿದೆ. ಅಕ್ಕ ನನ್ನನ್ನೊಮ್ಮೆ ನೋಡಿ, "ಹೋಗಿ ಒಂದು ಗಾಡಿ ತಗೊಂಬಾ," ಎಂದಳು.

ಸಣ್ಣ ಗೂಡ್ಸ್ ಗಾಡಿಯ ಹಿಂದೆ ಗಾದಿ ಹೇರಿ, ಅವರಿಬ್ಬರನ್ನು ಡ್ರೈವರನ ಪಕ್ಕದಲ್ಲಿ ಕೂರಿಸಿ, ನಾನು ಬೈಕಿನಲ್ಲಿ ಹಿಂಬಾಲಿಸಿದೆ. ಮೋಟೆಬೆನ್ನೂರಿನ ಹತ್ತಿರ ನನ್ನ ಬೈಕು ಪಂಕ್ಚರಾಯಿತು. ಅದನ್ನು ಅಲ್ಲೇ ಗುರುತಿನವರ ಅಂಗಡಿಯಲ್ಲಿ ಬಿಟ್ಟು ಬಸ್ಸು ಹಿಡಿದು ಹಾವೇರಿ ಮುಟ್ಟಿದಾಗ ಅಂಗಡಿಯ ಮಾಲೀಕರು ಆಗಲೇ ಬೆವರೊರೆಸಿಕೊಳ್ಳುತ್ತಿದ್ದರು.

"ಉಪಯೋಗಿಸಿದ ಗಾದಿ ಐತ್ರೀ ಇದು," ಎಂದು ಅವರು ಮೆಲ್ಲಗೆ ಹೇಳಿದರು.

"ಉಪಯೋಗಿಸದೇ ಹೊಂದಂಗಿಲ್ಲ ಅಂತ ಹ್ಯಾಂಗ ಗೊತ್ತಾಗಬೇಕರೀ? ತಿಂಗಳೊಳಗ ಬದಲಿ ಕೊಡ್ತೇನಿ ಅಂದವರು ನೀವೋ, ನಾವೋ?" ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಾರುಕಟ್ಟೆಯ ಅಭ್ಯಾಸವಿತ್ತು. ಮಾಲೀಕರು ಒಳ್ಳೆಯವರು, ಒಂದು ಗಳಿಗೆ ಯೋಚಿಸಿ "ಆತ್ರೀ ತಾಯಿ, ಆರಿಸ್ಕೊಳ್ರಿ," ಎಂದರು.

ಅಕ್ಕ ಆರಿಸುವುದೆಂದರೆ ಮಲಗುವುದೇ. ಮೊದಲನೆಯದರ ಮೇಲೆ ಮಲಗಿ, ಎರಡೂ ಮಗ್ಗುಲು ಹೊರಳಿ, ಎದ್ದು, ಮುಂದಿನದಕ್ಕೆ ಹೋದಳು. ಗಾಜಿನಾಚೆ ನಿಂತ ಇಬ್ಬರು ಮೂವರು ನೋಡುತ್ತಿದ್ದರು. ಶಶಿ ಸಂಕೋಚದಿಂದ "ಅಕ್ಕಾರ, ಮಂದಿ ನೋಡಾಕತ್ತಾರ," ಎಂದಳು.

"ನೋಡ್ಲಿ ಬಿಡು. ನಿನ್ನ ಬೆನ್ನು ನೋಯೂ ಮುಂದ ಅವರು ಬಂದು ತಿಕ್ಕತಾರೇನು? ಬಾ ಇಲ್ಲೆ, ನನ್ನ ಬಾಜೂಕ."

ಶಶಿಕಲಾ ಮಂಚದ ಅಂಚಿಗೆ ಕುಳಿತಳು. ಅಕ್ಕ ಅವಳ ಕೈ ಹಿಡಿದೆಳೆದಳು. ಆಮೇಲೆ ಇಬ್ಬರೂ ಮಾಳಿಗೆಯ ಮೇಲೆ ಹುಣ್ಣಿಮೆ ನೋಡುವ ಗೆಳತಿಯರಂತೆ ಅಂಗಾತ ಮಲಗಿ, ತೋಳಿಗೆ ಜರಿಯ ಅಂಚು ಇಡಬೇಕೋ, ಬೆನ್ನಿಗೆ ಲಾಡಿ ಇಡಬೇಕೋ ಎಂಬ ಮಾತಿಗೆ ಬಿದ್ದರು. ಮಾತಾಡುತ್ತಲೇ ಒಂದು ಗಾದಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಮೂಲೆಯಲ್ಲಿದ್ದ ತೆಳ್ಳನೆಯದೊಂದರ ಮೇಲೆ ಮಲಗಿದಾಗ ಶಶಿಯ ಮಾತು ನಿಂತಿತು. ಕೆಳಗೆ ಗಟ್ಟಿ ಪದರ, ಮೇಲಷ್ಟೇ ಬೆರಳು ದಪ್ಪದ ಮೆಮೊರಿ ಫೋಮು. ಬಣ್ಣ ಮಾಸಿದ ಬೂದಿ, ನಾನಾಗಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವಳು ಮಗ್ಗುಲಾದಳು. ಮತ್ತೊಂದು ಮಗ್ಗುಲಾದಳು. ಕಣ್ಣು ಮುಚ್ಚಿದಳು. ಎಷ್ಟೋ ದಿನದಿಂದ ಹುಬ್ಬುಗಳ ನಡುವೆ ಬಿದ್ದಿದ್ದ ಗೆರೆ ನಾನು ನೋಡನೋಡುತ್ತಿದ್ದಂತೆ ಸಡಿಲಾಯಿತು.

"ಹ್ಯಾಂಗೈತಿ?" ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವಳೇ ಕಣ್ಣು ತೆರೆದು ಏನನ್ನೂ ಹಿಡಿಯದೆ ಎದ್ದು ಕುಳಿತಳು. ಕುಳಿತ ಮೇಲೆ ತಾನು ಎದ್ದದ್ದು ಅವಳಿಗೇ ಗೊತ್ತಾಯಿತು. "ಅಕ್ಕಾರ, ಇದ ಸಾಕು," ಎಂದಳು. ಅದು ಮೊದಲಿನದಕ್ಕಿಂತ ಅಗ್ಗದ್ದು. ಉಳಿದ ಹಣಕ್ಕೆ ಅಕ್ಕ ದಿಂಬುಗಳನ್ನು ಎತ್ತಿಕೊಂಡಳು.

ಗಾದಿಯೊಂದರಿಂದಲೇ ಎಲ್ಲ ಗುಣವಾಯಿತೆಂದು ನಾನು ಹೇಳುವುದಿಲ್ಲ. ಡಾಕ್ಟರು ಹೇಳಿದ ವ್ಯಾಯಾಮವೂ ಇತ್ತು, ನಡುನಡುವೆ ಎದ್ದು ಅಡ್ಡಾಡುವುದೂ ಇತ್ತು. ಅಂತೂ ಕುಪ್ಪಸಗಳು ಮದುವೆಗೆ ಮುಂಚೆ ಮುಗಿದವು, ಈಗ ಬೆಳಿಗ್ಗೆ ನನ್ನ ಭುಜಕ್ಕೆ ಕೆಲಸವಿಲ್ಲ. ಆದರೆ ಆ ದಿನದ ಕತೆಯಲ್ಲಿ ಇನ್ನೊಂದು ಸಣ್ಣ ಭಾಗ ಉಳಿದಿದೆ.

ಬರುವಾಗ ಅವರಿಬ್ಬರೂ ಮತ್ತೆ ಡ್ರೈವರನ ಪಕ್ಕದಲ್ಲಿ ಕುಳಿತರು. ಬೈಕಿಲ್ಲದ ನನಗೆ ಉಳಿದದ್ದು ಹಿಂದಿನ ಜಾಗ. ಸರಕು ಗಾಡಿಯಲ್ಲಿ ಮನುಷ್ಯರು ಕೂರಬಾರದೆಂಬ ನಿಯಮ ಸಾರಿಗೆಯಲ್ಲಿ ಕೆಲಸ ಮಾಡುವ ನನಗೆ ಗೊತ್ತಿಲ್ಲದ್ದಲ್ಲ, ಆದರೆ ಅಕ್ಕ "ಹತ್ತು" ಎಂದ ಮೇಲೆ ನಿಯಮ ನೆನಪಾಗುವುದಿಲ್ಲ. ಗಾದಿಯನ್ನು ಹಾರದಂತೆ ಹಿಡಿದುಕೊಂಡು ಕುಳಿತೆ. ಹಗುರ ಬಿಸಿಲು, ಹಿಂದಿನಿಂದ ಗಾಳಿ, ಮುಂದಿನಿಂದ ಆಗಾಗ ಶಶಿಯ ನಗು. ನಕ್ಕರೂ ಬೆನ್ನು ನೋಯುತ್ತಿಲ್ಲವೆಂದು ಅದರಿಂದಲೇ ತಿಳಿಯುತ್ತಿತ್ತು. ಕುಳಿತು ಹಿಡಿಯುವುದಕ್ಕಿಂತ ಮೈಭಾರ ಹಾಕಿ ಹಿಡಿದರೆ ಭದ್ರ ಎನಿಸಿತು. ಮೈ ಚಾಚಿದೆ.

ಕಣ್ಣು ಬಿಟ್ಟಾಗ ಗಾಡಿ ನಮ್ಮ ಮನೆಯ ಮುಂದೆ ನಿಂತಿತ್ತು. ಯಾವಾಗ ನಿಂತಿತೋ ತಿಳಿಯದು. ಕಟ್ಟೆಯ ಮೇಲೆ ಅಕ್ಕ, ಶಶಿ, ಗಾಡಿಯ ಡ್ರೈವರು ಮೂವರೂ ಚಹಾ ಕುಡಿಯುತ್ತಿದ್ದರು. ಎಬ್ಬಿಸಬೇಡಿರೆಂದು ಶಶಿಯೇ ಹೇಳಿದ್ದಳಂತೆ. ಓಣಿಯ ಅರ್ಧ ಜನ ಗಾಡಿಯ ಸುತ್ತ ನಿಂತು ನನ್ನನ್ನು ನೋಡುತ್ತಿದ್ದರು. ಪಕ್ಕದ ಮನೆಯ ಹಿರಿಯರು ಗಾದಿಯ ಅಂಚನ್ನು ಒತ್ತಿ ನೋಡಿ, "ಗಾದಿ ಹ್ಯಾಂಗೈತ್ರೀ ಕಂಟ್ರೋಲರ್ ಸಾಹೇಬ್ರ?" ಎಂದರು.

ನಾನು ಎದ್ದು ಕುಳಿತು, ಕಣ್ಣುಜ್ಜಿಕೊಂಡು, ಮೈಕಿನಲ್ಲಿ ಹೇಳುವಷ್ಟೇ ಖಚಿತವಾಗಿ ಹೇಳಿದೆ: "ಗೊತ್ತಿಲ್ರಿ. ನಾ ಇನ್ನೂ ಮಲಗಿ ನೋಡಿಲ್ಲ."