ನಿದ್ರಾತಜ್ಞರಿಗೊಂದು ಸಭಾಂಗಣ

ಸಮ್ಮೇಳನ ಏರ್ಪಡಿಸುವವರ ಮನೆದೇವರು ಸದಾ ಎಚ್ಚರವಾಗಿರಬೇಕು. ಅವನು ಒಂದು ಗಳಿಗೆ ಆಕಡೆ ತಿರುಗಿದರೆ ಸಾಕು, ಈಕಡೆ ಏನಾದರೊಂದು ನಡೆದೇ ಹೋಗುತ್ತದೆ. ನನ್ನ ಕೆಲಸವೇ ಅದು. ಹಾಗಾಗಿ ನಮ್ಮ ಹನುಮಪ್ಪನಿಗೆ ನಾನು ಕೊಟ್ಟಷ್ಟು ಕೆಲಸ ಇನ್ಯಾರೂ ಕೊಟ್ಟಿರಲಾರರು.

ಬೆಂಗಳೂರಿನ ಕಚೇರಿಯಿಂದ ಅಹಮದಾಬಾದಿಗೆ ವರ್ಗವಾಗಿ, ಮಣಿನಗರದಲ್ಲಿ ಮನೆ ಹಿಡಿದ ಹೊಸತು. ನಿದ್ರೆಯ ಬಗ್ಗೆ ಸಂಶೋಧನೆ ಮಾಡುವವರ ಅಂತರರಾಷ್ಟ್ರೀಯ ಸಂಘವೊಂದರ ಸಮ್ಮೇಳನ ನನ್ನ ತಲೆಗೆ ಬಂತು. ಸಂಘದ ಕಾರ್ಯದರ್ಶಿ ಮೇಡಂ ವಿದೇಶದಿಂದ ಬಂದು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಸಭಾಂಗಣ ನೋಡುತ್ತಾರೆ. ಒಂದೂ ಹಿಡಿಸದಿದ್ದರೆ ಸಮ್ಮೇಳನ ಬೇರೆ ದೇಶಕ್ಕೆ. ನಾನು ಗಂಟುಮೂಟೆ ಸಮೇತ ವಾಪಸ್.

"ರೀ, ಹನುಮಪ್ಪನಿಗೆ ಒಪ್ಪಿಸಿದ ಮೇಲೆ ಸುಮ್ಮನೆ ಕೂರಬಾರದಾ? ನೆಲ ಸವೆಯೋ ಹಾಗೆ ಓಡಾಡ್ತೀರಲ್ಲ!" ಅಂದಳು ನನ್ನಾಕೆ.

"ಒಪ್ಪಿಸಿದೀನಿ ಕಣೇ. ಅವನು ತಗೊಂಡನೋ ಇಲ್ಲವೋ ಅಂತ ನೋಡ್ತಿದೀನಿ."

ಗಟ್ಟಿ ಹಾಲು

ಅಹಮದಾಬಾದಿನ ಹಾಲು ಊರಂಚಿನ ಬೋಪಾಲ್ ಬಡಾವಣೆಯಲ್ಲಿತ್ತು. ಅದರ ಮ್ಯಾನೇಜರು ಜನ್ಮದಲ್ಲಿ ಮದುವೆ ಬಿಟ್ಟು ಬೇರೆ ಸಮಾರಂಭ ಕಂಡವರಲ್ಲ. ಮೇಡಂ ಅವರನ್ನೂ ನನ್ನನ್ನೂ ನೋಡಿದ ಕೂಡಲೇ, "ನೀವು ಹುಡುಗನ ಕಡೆಯವರೋ, ಹುಡುಗಿ ಕಡೆಯವರೋ?" ಅಂದರು.

"ಸಂಘದ ಕಡೆಯವರು" ಅಂದೆ.

ದೊಡ್ಡ ಸಭೆಯಿಂದ ಎದ್ದು ಚಿಕ್ಕ ಚಿಕ್ಕ ಗುಂಪಾಗಿ ಕೂತು ಚರ್ಚಿಸುವ ಕೋಣೆಗೆ ನಮ್ಮ ಕಸುಬಿನಲ್ಲಿ ಬ್ರೇಕ್‌ಔಟ್ ರೂಮ್ ಅನ್ನುತ್ತಾರೆ. ಮೇಡಂ ಅದನ್ನೇ ಕೇಳಿದರು: "ಇಲ್ಲಿ ಬ್ರೇಕ್‌ಔಟ್ ಎಷ್ಟಿವೆ?"

ಮ್ಯಾನೇಜರ ಮುಖ ಕಪ್ಪಿಟ್ಟಿತು. ಎದೆಯ ಮೇಲೆ ಕೈ ಇಟ್ಟುಕೊಂಡು, ಅಕ್ಕನನ್ನು ಕರೆಯುವ ಗುಜರಾತಿ ಮರ್ಯಾದೆಯಲ್ಲಿ 'ಬೆನ್' ಎಂದು ಶುರುಮಾಡಿದರು:

"ಬೆನ್, ದೇವರಾಣೆ, ನಮ್ಮ ಹಾಲಿನಲ್ಲಿ ಆದ ಮದುವೆ ಇವತ್ತಿನವರೆಗೆ ಒಂದೂ ಬ್ರೇಕ್ ಆಗಿಲ್ಲ!"

ಬಹು ಸಾರು

ಅಲ್ಲಿಗೆ ಅಹಮದಾಬಾದ್ ಮುಗಿಯಿತು. ವಡೋದರಾದಲ್ಲಾದರೂ ಎಡವಟ್ಟಾಗದಿರಲಿ ಎಂದು ಮೊದಲೇ ಫೋನ್ ಮಾಡಿದೆ. ಅಲ್ಲಿನ ಮ್ಯಾನೇಜರು ತಂಪು ಮನುಷ್ಯ. ಎಲ್ಲದಕ್ಕೂ ಒಂದೇ ಮಾತು.

"ಪ್ರೊಜೆಕ್ಟರ್ ಬೇಕು."

"ಸಾರು, ಸಾರು."

"ಅದಿರಲಿ, ಊಟಕ್ಕೇನು?"

"ಸಾರು, ಬಹು ಸಾರು!"

ನನ್ನ ಕಣ್ಣು ತುಂಬಿ ಬಂತು. ಇಷ್ಟು ದೂರದಲ್ಲೂ ನನ್ನ ನಾಲಿಗೆಯ ಮೇಲೆ ಕರುಣೆ ಇಟ್ಟ ಹನುಮಪ್ಪನಿಗೆ ಅಲ್ಲೇ ಕೈ ಮುಗಿದೆ. ರೈಲಿನುದ್ದಕ್ಕೂ ಮೇಡಂಗೆ ನಮ್ಮ ಸಾರಿನ ಮಹಿಮೆ ಹೇಳಿದೆ: ಮೆಣಸು, ಜೀರಿಗೆ, ಇಂಗಿನ ಒಗ್ಗರಣೆ. ಹಾಲು ತಲುಪಿದ ಕೂಡಲೇ ಅವರು ಚಮಚ ಹಿಡಿದು ಊಟಕ್ಕೆ ಕೂತರು. ಬಂದದ್ದು ಬೆಲ್ಲ ಹಾಕಿದ ಸಿಹಿ ದಾಲ್.

"ಭಾಯ್, ಸಾರು ಎಲ್ಲಿ?"

ಮ್ಯಾನೇಜರು ಗಾಬರಿಯಾಗಿ ತಾನೇ ಒಂದು ಚಮಚ ದಾಲ್ ಕುಡಿದು, ಕಣ್ಣರಳಿಸಿ ಪ್ರಮಾಣ ಮಾಡಿದರು: "ಸಾರು ಛೆ!"

ಗುಜರಾತಿಯಲ್ಲಿ 'ಸಾರು' ಅಂದರೆ 'ಚೆನ್ನ', 'ಸಾರು ಛೆ' ಅಂದರೆ 'ಚೆನ್ನಾಗಿದೆ' ಎಂದು ಪಕ್ಕದವರು ಬಿಡಿಸಿ ಹೇಳಿದರು. ಮೇಡಂ ಚಮಚ ಕೆಳಗಿಟ್ಟು ಕೇಳಿದರು: "ಹಾಗಾದರೆ ಪ್ರೊಜೆಕ್ಟರ್ ಇದೆಯೋ, ಅದೂ ಬರೀ ಚೆನ್ನಾಗಿದೆಯೋ?"

ಬರೀ ಚೆನ್ನಾಗಿತ್ತು.

ಆವ್ಜೋ

ಉಳಿದದ್ದು ಸೂರತ್ ಒಂದೇ. ಹಜೀರಾ ರಸ್ತೆಯ ಆ ಹಾಲು ಚೆಂದವಿತ್ತು, ಪ್ರೊಜೆಕ್ಟರೂ ಇತ್ತು. ಆದರೆ ಹಿಂದಿನ ಅಂಗಳದಲ್ಲಿ ಮದುವೆ ಬ್ಯಾಂಡಿನವರ ತಾಲೀಮು. ಗೋಡೆಗಳೇ ನಡುಗುತ್ತಿದ್ದವು.

"ನಿದ್ರೆಯ ಬಗ್ಗೆ ಮಾತಾಡಲು ಇಂಥ ಜಾಗವೇ? ಕಾರು ಕರೆಸಿ" ಅಂದರು ಮೇಡಂ.

ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಹನುಮಾನ್ ಚಾಲೀಸಾ ಶುರು ಮಾಡಿದೆ. ಗಾಬರಿಗೆ ಸಾಲುಗಳೆಲ್ಲ ಹಿಂದುಮುಂದಾದವು. ಮ್ಯಾನೇಜರು ಪಾಪ, ಬಾಗಿಲವರೆಗೆ ಬಂದು ಕೈಮುಗಿದರು: "ಆವ್ಜೋ!"

ನಾವು 'ಹೋಗಿ ಬನ್ನಿ' ಅನ್ನುತ್ತೇವಲ್ಲ, ಇವರು 'ಹೋಗಿ'ಯನ್ನು ಕತ್ತರಿಸಿ ಬರೀ 'ಬನ್ನಿ' ಅಂದು ಬೀಳ್ಕೊಡುತ್ತಾರೆ. ಮೇಡಂ ಫೋನಿನಲ್ಲಿ ನಾಲ್ಕು ಗುಜರಾತಿ ಪದ ಕಲಿತಿದ್ದರು. "ಕರೀತಿದ್ದಾರೆ" ಎಂದು ತಿರುಗಿ ಒಳಗೆ ಹೊರಟೇಬಿಟ್ಟರು. ಮ್ಯಾನೇಜರು ಚಹಾ ತರಿಸಿದರು. ಕುಡಿದು ಎದ್ದೆವು.

"ಆವ್ಜೋ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಮತ್ತೆ ಒಳಗೆ. ಮ್ಯಾನೇಜರು ನನ್ನ ಕಿವಿಯಲ್ಲಿ, "ಬೆನ್‌ಗೆ ಇನ್ನೇನು ತೋರಿಸಲಿ ಭಾಯ್? ಉಳಿದಿರೋದು ಅಡುಗೆಮನೆ ಪಕ್ಕದ ಕೋಣೆ ಒಂದೇ" ಅಂದವರೇ, ಬಾಗಿಲು ತೆಗೆದರು.

ಒಳಗೆ ಅಡುಗೆಯವರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಕಿಟಕಿಯಾಚೆಯೇ ಡ್ರಮ್ಮು, ತುತ್ತೂರಿ. ಒಬ್ಬರ ರೆಪ್ಪೆಯೂ ಅಲುಗಲಿಲ್ಲ. ಬ್ಯಾಂಡಿನ ತಾಳಕ್ಕೆ ಸರಿಯಾಗಿ ಒಬ್ಬರು ಗೊರಕೆ ಹೊಡೆಯುತ್ತಿದ್ದರು.

ಮ್ಯಾನೇಜರು ನಾಚಿಕೆಯಿಂದ, "ಏಯ್, ಏಳ್ರೋ!" ಎಂದು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಮೇಡಂ ಆ ಎರಡೂ ಕೈಗಳನ್ನು ಗಪ್ಪನೆ ಹಿಡಿದುಕೊಂಡರು. "ಶ್! ಇಂಥ ನಿದ್ರೆಯನ್ನು ನಾನು ಪ್ರಯೋಗಾಲಯದಲ್ಲೂ ಕಂಡಿಲ್ಲ. ಸಮ್ಮೇಳನ ಇಲ್ಲೇ. ಆದರೆ ಒಂದು ಷರತ್ತು: ಬ್ಯಾಂಡೂ ಇರಬೇಕು, ಇವರು ಹೀಗೇ ಮಲಗಿರಬೇಕು."

ನಾನು ಕಣ್ಣುಮುಚ್ಚಿ ಹನುಮಪ್ಪನಿಗೆ ನಮಸ್ಕರಿಸಿದೆ. ಮ್ಯಾನೇಜರು ಮಾತ್ರ ಕಕ್ಕಾಬಿಕ್ಕಿಯಾಗಿ ಪಿಸುಗುಟ್ಟಿದರು: "ಬೆನ್, ಇವರು ಮಲಗಿದರೆ ನಿಮ್ಮ ಅತಿಥಿಗಳಿಗೆ ಅಡುಗೆ ಯಾರು ಮಾಡ್ತಾರೆ?"

ಮೇಡಂ ಗೊರಕೆಯವರ ಮೇಲಿಂದ ಕಣ್ಣು ಕೀಳದೆ ಅಂದರು:

"ಊಟ ಹೊರಗಿನಿಂದ ತರಿಸಿ."