ಹುದ್ದೆಗೆ ತಕ್ಕ ಗಾಳಿ

ಅವಳಿ ನಗರ ಗುಡ್ಡ ಪರಿವೀಕ್ಷಣಾ ಮಂಡಳಿಯಲ್ಲಿ ಗಾಳಿಯನ್ನು ಹುದ್ದೆಯ ಪ್ರಕಾರ ಹಂಚಲಾಗುತ್ತದೆ. ಇದರಲ್ಲಿ ಯಾವ ಗೊಂದಲವೂ ಇಲ್ಲ. ಇದ್ದ ಗೊಂದಲವನ್ನೆಲ್ಲ ಸುತ್ತೋಲೆ ಹೊರಡಿಸಿ ನಿವಾರಿಸಲಾಗಿದೆ.

ಮಂಡಳಿಯ ಕೆಲಸ ಗುಡ್ಡ ನೋಡುವುದು. ಗುಡ್ಡ ಇದ್ದಲ್ಲಿಯೇ ಇದೆ ಎಂದು ವಾರಕ್ಕೊಮ್ಮೆ ವರದಿ ಕೊಡಬೇಕು. ಅದಕ್ಕಾಗಿ ಕಳೆದ ಮಾರ್ಚ್ ಮುಗಿಯುವ ಮುನ್ನ, ಬಂದ ಅನುದಾನ ವಾಪಸ್ ಹೋಗಬಾರದೆಂಬ ಸದುದ್ದೇಶದಿಂದ, ಗುಡ್ಡ ಹತ್ತಿಳಿಯುವ ವಿಶೇಷ ಸೈಕಲ್ಲುಗಳನ್ನು ಖರೀದಿಸಲಾಯಿತು. ಇವುಗಳ ಮುಂದಿನ ಫೋರ್ಕಿನಲ್ಲಾಗಲಿ, ಸೀಟಿನ ಕೆಳಗಿನ, ಕುಲುಕಾಟ ತಡೆಯುವ ಶಾಕ್‌ನಲ್ಲಾಗಲಿ ಸ್ಪ್ರಿಂಗ್ ಇಲ್ಲ, ಬರೀ ಗಾಳಿ. ಸವಾರ ದಪ್ಪಗಿದ್ದರೆ ಹೆಚ್ಚು ತುಂಬಬೇಕು, ತೆಳ್ಳಗಿದ್ದರೆ ಕಡಿಮೆ. ಕೂತಾಗ ಶಾಕ್ ಕಾಲುಭಾಗ ತಗ್ಗಿದರೆ ಗಾಳಿ ಸರಿಯಾಗಿದೆ ಎಂದು ಕಂಪನಿಯವರು ಕೈಪಿಡಿಯಲ್ಲಿ ಬರೆದಿದ್ದರು. ಪಾಪ, ಕಂಪನಿಯವರಿಗೆ ಕಚೇರಿಯ ಅನುಭವವಿರಲಿಲ್ಲ.

ನಿರ್ದೇಶಕ ಹನಮೇಶ ಸಾಹೇಬರ ತೂಕ ನಲವತ್ನಾಲ್ಕು ಕಿಲೋ. ಗರಗದ ಜೋಳ ತಿಂದು ಬೆಳೆದ ದಿನಗೂಲಿ ಗುಡ್ಡಪಾಲಕ ಬೀರಲಿಂಗಪ್ಪನದು ತೊಂಬತ್ತೆಂಟು. ಕೈಪಿಡಿಯಂತೆ ನಡೆದಿದ್ದರೆ ದಿನಗೂಲಿಯವನಿಗೆ ಸಾಹೇಬರ ಇಮ್ಮಡಿ ಗಾಳಿ ಹೋಗುತ್ತಿತ್ತು.

“ಹಿಂಗಾದ್ರ ಆಫೀಸಿನ್ಯಾಗ ಶಿಸ್ತ ಉಳೀತದೇನ್ರಿ?” ಎಂದು ಕೇಳಿದವರು ಅಧೀಕ್ಷಕಿ ಗೀತಾಂಜಲಿ ಮೇಡಂ. “ತೂಕಂದ್ರ ದಿನಾ ಏರತದ, ಇಳೀತದ. ಹುದ್ದೆ ಹಂಗಲ್ಲ.”

ಮಾತು ತೂಕದ್ದಾಗಿತ್ತು. ಮರುದಿನವೇ ಸುತ್ತೋಲೆ ಬಂತು: ನಿರ್ದೇಶಕರಿಗೆ ಇನ್ನೂರೆಂಬತ್ತು ಪೌಂಡ್ ಗಾಳಿ, ಅಧೀಕ್ಷಕರಿಗೆ ನೂರೆಂಬತ್ತು, ಗುಮಾಸ್ತರಿಗೆ ನೂರು, ದಿನಗೂಲಿಯವರಿಗೆ ಅನುಕಂಪದ ಆಧಾರದ ಮೇಲೆ ಐವತ್ತು. ಗಾಳಿಯನ್ನು ಪರಸ್ಪರ ಬದಲಿಸಿಕೊಳ್ಳುವುದು, ಸಾಲ ಕೊಡುವುದು, ರಜೆಯ ಮೇಲೆ ಹೋಗುವಾಗ ಮನೆಗೆ ಒಯ್ಯುವುದು ನಿಷಿದ್ಧ.

ಗಾಳಿ ತುಂಬುವ ಗುತ್ತಿಗೆ ಗೋಕುಲ ರಸ್ತೆಯ ಸೈಕಲ್ ಅಂಗಡಿಯ ಮಕಬೂಲಸಾಬನಿಗೆ ಸಿಕ್ಕಿತು. “ಯಾರಿಗೆ ಎಷ್ಟರ ಬರಕೊಡ್ರಿ, ತುಂಬ್ತೇನಿ. ಬಿಲ್ಲ ಮಾತ್ರ ಪೌಂಡಿನ ಲೆಕ್ಕದಾಗ ಪಾಸ್ ಮಾಡ್ರಿ,” ಎಂಬುದೊಂದೇ ಅವನ ತಾಂತ್ರಿಕ ಅಭಿಪ್ರಾಯ. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾರದೊಳಗೆ ಅಂಗಡಿಯ ಮುಂದೆ ‘ಇಲ್ಲಿ ನಿರ್ದೇಶಕರ ದರ್ಜೆಯ ಗಾಳಿ ದೊರೆಯುತ್ತದೆ’ ಎಂಬ ಬೋರ್ಡು ಬಿತ್ತು. ಆಟೋದವರು ಎರಡು ಪಟ್ಟು ಕೊಟ್ಟು ಅದನ್ನೇ ಹಾಕಿಸಿಕೊಂಡು, ಗಾಡಿ ಈಗ ಗತ್ತಿನಿಂದ ಓಡುತ್ತಿದೆ ಎಂದು ಹೇಳತೊಡಗಿದರು.

ಬೀರಲಿಂಗಪ್ಪನ ಚಿಂತೆಯೇ ಬೇರೆ. ಹೆಣ್ಣು ನೋಡಲು ಹೋದಾಗ ಅವನು ದುರಗವ್ವನ ಮನೆಯವರ ಮುಂದೆ “ಮುಂದಿನ ತಿಂಗಳ ಖಾಯಂ ಆಗ್ತೇನ್ರಿ” ಎಂದಿದ್ದ. ಮದುವೆಯಾಯಿತು, ಮಗಳು ಸಾಲಿಗೂ ಹೋಗತೊಡಗಿದಳು; ಆ ಮುಂದಿನ ತಿಂಗಳು ಮಾತ್ರ ಬರಲಿಲ್ಲ. ದುರಗವ್ವ ತವರಿಗೆ ಹೋದಾಗಲೆಲ್ಲ ಅವ್ವ ಕೇಳುವ ಮೊದಲ ಮಾತು ಅದೇ, ಅವಳು ತಲೆ ತಗ್ಗಿಸುವುದೂ ಅದಕ್ಕೇ. ಅವಳ ತಗ್ಗಿದ ತಲೆ ನೆನೆದರೆ ಬೀರಲಿಂಗಪ್ಪ ತಾಟು ಸರಿಸಿ ಎದ್ದುಬಿಡುತ್ತಿದ್ದ. ಈಗ ಖಾಯಂ ಆದೇಶ ಸಹಿಗೆ ಕಾಯುತ್ತಿತ್ತು. ಒಂದೇ ಷರತ್ತು: ಗುಡ್ಡದ ನೆತ್ತಿಯಿಂದ ಬುಡದವರೆಗೆ, ಕಾಲು ನೆಲಕ್ಕೆ ತಾಗಿಸದೆ, ಸೈಕಲ್ಲಿನ ಮೇಲೆ ಇಳಿದು ತೋರಿಸಬೇಕು.

ಪರೀಕ್ಷೆಯ ದಿನ ಅವನು ಕೂತದ್ದೇ ತಡ, ಐವತ್ತು ಪೌಂಡಿನ ಶಾಕ್ ಉಸ್ಸೆಂದು ಪೂರ್ತಿ ಕುಸಿಯಿತು. ಹಾದಿಯ ಪ್ರತಿ ಕಲ್ಲೂ ಅವನ ಬೆನ್ನುಮೂಳೆಯ ಜೊತೆ ನೇರವಾಗಿ ವ್ಯವಹರಿಸಿತು. ಮೊದಲ ತಿರುವಿನಲ್ಲೇ ಪೆಡಲು ಬಂಡೆಗೆ ಬಡಿದು, ಅವನು ಕಳ್ಳಿಯ ಬೇಲಿಯಲ್ಲಿ ಹೋಗಿ ಬಿದ್ದ.

“ಮೇಡಮ್ಮಾರ, ಸ್ವಲ್ಪ ಗಾಳಿ ಹೆಚ್ಚ ಮಾಡ್ರಿ,” ಎಂದು ಮುಳ್ಳು ಕೀಳುತ್ತಲೇ ಬೇಡಿಕೊಂಡ.

“ಖಾಯಂ ನೌಕರರಿಗೆ ಅಷ್ಟ ಹೆಚ್ಚಿನ ಗಾಳಿ ಕೊಡಾಕ ಬರ್ತದಪಾ.”

“ಗುಡ್ಡಾ ಇಳದ್ರ ಖಾಯಂ ಆಗ್ತೇನ್ರಿ.”

“ಇಳಿಯಪಾ. ಯಾರ ಬ್ಯಾಡ ಅಂದಾರ?”

“ಗಾಳಿ ಇಲ್ದ ಹೆಂಗ ಇಳೀಲ್ರಿ?”

“ಅದಕ್ಕ ಮೊದಲ ಖಾಯಂ ಆಗು,” ಎಂದು ಮೇಡಂ ಬಹಳ ಅಂತಃಕರಣದಿಂದ ಹೇಳಿದರು.

ಸಿಬ್ಬಂದಿಗೆ ಧೈರ್ಯ ತುಂಬಲು ಸಾಹೇಬರು ಸ್ವತಃ ಇಳಿಯಲು ಹೊರಟರು. ನಲವತ್ನಾಲ್ಕು ಕಿಲೋದ ಕೆಳಗೆ ಇನ್ನೂರೆಂಬತ್ತು ಪೌಂಡ್ ಗಾಳಿ ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ. ಪ್ರತಿ ಕಲ್ಲಿಗೂ ಅವರು ಹುರಿಯುವ ಬಾಣಲೆಯ ಜೋಳದ ಅರಳಿನಂತೆ ಮೇಲಕ್ಕೆ ಚಿಮ್ಮಿದರು. ಕೊನೆಗೊಮ್ಮೆ ಸೈಕಲ್ಲು ಕೆಳಗೆ ಹೋಯಿತು, ಅವರು ಹೋಗಲಿಲ್ಲ. ‘ನಿರ್ದೇಶಕರು ಗುಡ್ಡವನ್ನು ಮೇಲಿನಿಂದಲೂ ಪರಿಶೀಲಿಸಿದರು’ ಎಂದು ವಾರದ ವರದಿಯಲ್ಲಿ ದಾಖಲಾಯಿತು.

ಸಾಹೇಬರ ಸೊಂಟಕ್ಕೆ ಪಟ್ಟಿ ಕಟ್ಟಿದ ದಿನ ಸಭೆ ಸೇರಿತು. ಬೀರಲಿಂಗಪ್ಪ ಬಾಗಿಲ ಬಳಿ ನಿಂತು, ತಡೆಯಲಾರದೆ ಅಂದುಬಿಟ್ಟ: “ನಾನೂ ಸಾಹೇಬ್ರೂ ಸೈಕಲ್ ಅದಲು ಬದಲು ಮಾಡ್ಕೊಂಡ್ರ ಹೆಂಗ್ರಿ?”

ಯಾರೋ ಎದ್ದು ಕಿಟಕಿ ಮುಚ್ಚಿದರು.

“ಸಾಹೇಬ್ರು ಐವತ್ತ ಪೌಂಡಿನ ಮ್ಯಾಲ ಕುಂದರೂದಾ?” ಮೇಡಂ ಕುರ್ಚಿ ಬಿಟ್ಟು ಎದ್ದರು. “ನಾಳೆ ಬ್ಯಾರೆ ಇಲಾಖೆಯವರಿಗೆ ಮಾರಿ ಹೆಂಗ ತೋರಸೂದು?”

ಆದರೆ ಸುತ್ತೋಲೆಯಲ್ಲಿ ಒಂದು ಸಂಗತಿ ನಿಷಿದ್ಧವಾಗಿರಲಿಲ್ಲ, ಅದನ್ನು ಮೇಡಮ್ಮರೇ ಕಂಡುಹಿಡಿದರು. ಗಾಳಿ ಬದಲಿಸುವಂತಿಲ್ಲ, ನಿಜ. ತೂಕವನ್ನು ನಿಯೋಜನೆಯ ಮೇಲೆ ಕಳಿಸಬಹುದಲ್ಲ! ಕೂಡಲೇ ಆದೇಶ ಹೊರಟಿತು: ‘ಬೀರಲಿಂಗಪ್ಪನವರ ತೂಕವನ್ನು ನಿರ್ದೇಶಕರ ಸೈಕಲ್ಲಿಗೆ ನಿಯೋಜಿಸಲಾಗಿದೆ. ಸವಾರಿಯನ್ನು ನಿರ್ದೇಶಕರೇ ಮಾಡುವರು. ಬೀರಲಿಂಗಪ್ಪನವರು ಪೆಡಲು ಮಾತ್ರ ತುಳಿಯುವರು, ಹ್ಯಾಂಡಲ್ ಮಾತ್ರ ಹಿಡಿಯುವರು, ಬ್ರೇಕು ಮಾತ್ರ ಒತ್ತುವರು.’

ಕೈಕೆಳಗಿನವನು ಸಾಹೇಬರಿಗೆ ಬೆನ್ನು ತೋರಿಸುವುದು ಸಭ್ಯತೆಯಲ್ಲವಾದ್ದರಿಂದ ಸಾಹೇಬರು ಸೀಟಿಗೂ ಹ್ಯಾಂಡಲಿಗೂ ನಡುವಿನ ದಂಡಿಗೆಯ ಮೇಲೆ, ಮಡಚಿದ ಟವೆಲ್ ಹಾಸಿಕೊಂಡು, ಸಾಲಿಗೆ ಹೊರಟ ಮಗುವಿನಂತೆ ಕೂತರು. ಇಬ್ಬರ ಭಾರಕ್ಕೆ ಶಾಕ್ ಸರಿಯಾಗಿ ಕಾಲುಭಾಗ ತಗ್ಗಿತು. ಸೈಕಲ್ಲು ಕಲ್ಲುಗಳ ಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಇಳಿಯಿತು. ದಂಡಿಗೆಯ ಮೇಲಿಂದ ಸಾಹೇಬರು “ಎಡಕ್ಕ, ಎಡಕ್ಕ” ಎಂದು ಆಡಳಿತಾತ್ಮಕ ಮಾರ್ಗದರ್ಶನ ನೀಡುತ್ತಿದ್ದರು. ಬುಡದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಕೈಪಿಡಿ ಬರೆದವರು ಕೊನೆಗೂ ನಮ್ಮ ಸುತ್ತೋಲೆಯನ್ನು ಪಾಲಿಸಿದಂತಾಯಿತು ಎಂದು ಸಾಹೇಬರು ಭಾಷಣ ಮಾಡಿದರು.

ಕಾಲು ನೆಲಕ್ಕೆ ತಾಗಿರಲಿಲ್ಲ. ಅಂದೇ ಸಂಜೆ ಬೀರಲಿಂಗಪ್ಪ ‘ಭಾರ ಸಹಾಯಕ’ ಹುದ್ದೆಯಲ್ಲಿ ಖಾಯಂ ಆದ. ತೂಕ ಇನ್ನು ಮಂಡಳಿಯ ಸ್ವತ್ತು, ಪೂರ್ವಾನುಮತಿಯಿಲ್ಲದೆ ಕರಗಿಸುವಂತಿಲ್ಲ. ಉಪವಾಸಕ್ಕೆ ರಜೆಯ ಅರ್ಜಿ ಹಾಕಬೇಕು. ಇದನ್ನು ಕೇಳಿ ಉಳಿದ ಇಲಾಖೆಗಳ ತೆಳ್ಳನೆಯ ಅಧಿಕಾರಿಗಳೂ ತಮಗೊಂದು ಭಾರ ಬೇಕೆಂದು ಬರೆದರು. ಧಾರವಾಡದ ತರಬೇತಿ ಕೇಂದ್ರವೊಂದು ಊಟ ಸಹಿತ ಹೊಸ ಬ್ಯಾಚ್ ಆರಂಭಿಸಿಯೇಬಿಟ್ಟಿತು.

ಬೀರಲಿಂಗಪ್ಪ ಮನೆಗೆ ಬಂದು ಹೊಸ್ತಿಲಲ್ಲೇ ನಿಂತ. “ಖಾಯಂ ಆತು.”

ದುರಗವ್ವ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಕಣ್ಣೊರೆಸಿಕೊಂಡಳು. ಇಷ್ಟು ವರ್ಷಗಳ ಅಳು ಒಮ್ಮೆಲೇ ಬಂತು. ಅತ್ತು ಮುಗಿಸಿ ಕೇಳಿದಳು: “ಯಾವ ಕೆಲಸರಿ?”

“ಸಾಹೇಬ್ರ ಗಾಡಿ ಮ್ಯಾಲ ಭಾರಾಗಿ ಕುಂದರೂದು.”

ಅವಳು ಕೈಯ ಹಿಟ್ಟು ಕೊಡವಿದಳು. “ಪಿಂಚಣಿ ಐತೇನ್ರಿ?”

“ಐತಿ.”

ಅವಳು ತಲೆಯೆತ್ತಿ ತವರಿಗೆ ಫೋನು ಹಚ್ಚಿ, ಓಣಿಗೆಲ್ಲ ಕೇಳುವಂತೆ ವಿಷಯ ಹೇಳಿದಳು. ಆ ಕಡೆಯಿಂದ ಅವ್ವನ ದನಿ ಅಷ್ಟೇ ದೊಡ್ಡದಾಗಿ ಬಂತು:

“ಛಲೋ ಆತವಾ. ನಿನ್ನ ತಮ್ಮಗೂ ಅಲ್ಲೇ ಒಂದ ನೋಡಂತ ಅಳ್ಯಾಗ ಹೇಳು. ಈಗ ಎಪ್ಪತ್ತ ಕಿಲೋ ಅದಾನ, ದೀಪಾವಳಿತನಾ ಟೈಮ್ ಕೊಟ್ರ ತೊಂಬತ್ತ ಮಾಡಿ ಕಳಸ್ತೇನಿ.”